ಎರಿ ಹಾದಿಗೆ ಸೈಕಲ್ ಇಳಿಸುವ ಮುನ್ನ

ಸೈಕಲ್ ಮೇಲೆ ಆಫ್ರಿಕಾ ಸುತ್ತುವ ಹುಚ್ಚು ಹತ್ತಿದ ಹುಡುಗರು ಬಂದು ಗೇರು, ಟೈರು, ಟೆಂಟಿನ ಮಾತು ತೆಗೆಯುತ್ತಾರೆ. ಮೊದಲು ನಮ್ಮ ಬೆಳಗಾವಿ ಸೀಮೆಯ ಯರಗಟ್ಟಿ ಸುತ್ತಿನ ಹೊಲದ ಹಾದಿಗಳಲ್ಲಿ ಒಂದು ಮಳೆಗಾಲ, ಒಂದು ಬ್ಯಾಸಗಿ ಕಳೆಯಿರಿ ಅನ್ನುತ್ತೇನೆ. ಕೈರೋದಿಂದ ಕೇಪ್‌ಟೌನ್‌ವರೆಗೆ ಸುಮಾರು 12,000 ಕಿ.ಮೀ. ಸಾಗುವ ಸೈಕಲ್ ಯಾತ್ರೆ 2003ರಲ್ಲಿ ಶುರುವಾಯಿತು. ಸುಡಾನ್, ಇಥಿಯೋಪಿಯಾ, ಉತ್ತರ ಕೆನ್ಯಾದ ಬಯಲಲ್ಲಿ ಸಿಗುವ ಕಪ್ಪು ಮಣ್ಣು ನಮ್ಮ ಎರಿಯ ಜಾತಿಯದೇ.

1. ಹಸಿ ಎರಿಗೆ ಇಳಿಯಲೇಬೇಡಿ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ನಾಲ್ಕು ಮಾರು ಹೋಗುವುದರೊಳಗೆ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಬ್ರೇಕಿಗೆ ಸಿಕ್ಕು, ಗಾಲಿ ತಿರುಗುವುದೇ ನಿಲ್ಲುತ್ತದೆ. ದೂಡಲೂ ಬರುವುದಿಲ್ಲ, ಹೊತ್ತರೆ ಸೈಕಲ್ಲಿನಷ್ಟೇ ತೂಕದ ಮಣ್ಣನ್ನೂ ಹೊರಬೇಕು. ಇಳಿಯಲೇಬೇಕಾಗಿ ಬಂದರೆ ಮಡ್‌ಗಾರ್ಡ್ ಬಿಚ್ಚಿಟ್ಟು ಹೋಗಿ. ಕೈಯಲ್ಲೊಂದು ಚಪ್ಪಟೆ ಕಟ್ಟಿಗೆ ಇರಲಿ. ಮಣ್ಣು ಹಸಿ ಇದ್ದಾಗಲೇ ಕೆರೆಯಬೇಕು, ಒಣಗಿದರೆ ಉಳಿ ಬೇಕಾಗುತ್ತದೆ.

2. ದಾರಿಯನ್ನು ಮೊಬೈಲಿಗೆ ಕೇಳಬೇಡಿ, ಹೊಲದಲ್ಲಿದ್ದವರಿಗೆ ಕೇಳಿ. ಎಷ್ಟು ದೂರ ಅಂದರೆ ಎಲ್ಲರೂ "ಇಲ್ಲೇ ಐತ್ರಿ" ಅನ್ನುವವರೇ. ಅದರ ಬದಲು "ಯಜ್ಜಾ, ನಿನ್ನಿ ಮಳಿ ಆದಮ್ಯಾಲ ಈ ಹಾದ್ಯಾಗ ಚಕ್ಕಡಿ ಹೋಗೇತೇನ್ರಿ?" ಅನ್ನಿ. ಹೋಗಿಲ್ಲ ಅಂದರೆ ಮಾತು ಮುಗಿಯಿತು, ಸುತ್ತಾದರೂ ಸವದತ್ತಿಯ ಡಾಂಬರು ರಸ್ತೆಯೇ ಗತಿ.

3. ಬ್ಯಾಸಗಿಯಲ್ಲಿ ಅದೇ ಎರಿ ಬಿರಿಯುತ್ತದೆ. ಚಕ್ಕಡಿ ಜಾಡು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಬಿರುಕಿನ ಗುಂಟ ಸಾಗಿದರೆ ಮುಂದಿನ ಗಾಲಿ ಒಳಗಿಳಿದು ಸವಾರ ಹ್ಯಾಂಡಲ್ ಮೇಲಿಂದ ಆಚೆ ಬೀಳುತ್ತಾನೆ. ಅಡ್ಡ ದಾಟಿ.

4. ರಾಮದುರ್ಗದ ಕಡೆ ಗರಸು ರಸ್ತೆಯ ಕಾಟವೇ ಬೇರೆ. ಟೈರಿನ ಗಾಳಿ ಸ್ವಲ್ಪ ಇಳಿಸಿ. ಕುಲುಕಾಟಕ್ಕೆ ಬೋಲ್ಟುಗಳು ತಾವಾಗಿ ಸಡಿಲಾಗುತ್ತವೆ, ಕ್ಯಾರಿಯರಿನದು ಮೊದಲು. ನಿಂತಲ್ಲೆಲ್ಲ ಕೈಯಾಡಿಸಿ ನೋಡಿ.

5. ಜಾಲಿ ಮುಳ್ಳು. ಪಂಕ್ಚರ್ ತಿದ್ದುವ ಅವಸರದಲ್ಲಿ ಹೊಸ ಟ್ಯೂಬ್ ಹಾಕಿ, ಹತ್ತು ನಿಮಿಷಕ್ಕೆ ಮತ್ತೆ ಕೂತವರನ್ನು ಬಹಳ ಕಂಡಿದ್ದೇನೆ. ಟೈರಿನ ಒಳಮೈಗೆ ಬೆರಳು ಮೆಲ್ಲಗೆ ಸುತ್ತಿಸಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಚುಚ್ಚಿದಾಗ ತಿಳಿಯುತ್ತದೆ. ಅದನ್ನು ಕಿತ್ತ ಮೇಲೆಯೇ ಪ್ಯಾಚ್. ಸಲ್ಯೂಷನ್ ಒಣಗುವ ತನಕ ಸುಮ್ಮನೆ ಕೂಡುವುದೂ ಒಂದು ವಿದ್ಯೆಯೇ.

6. ಮಳೆಗಾಲದ ಗಾಳಿ ಪಡುವಣದ್ದು. ಬೆಳಗಾವಿ ಕಡೆ ಹೊರಟರೆ ಎದೆಗೇ ಬಡಿಯುತ್ತದೆ, ಏರಿಗಿಂತ ಅದೇ ಹೆಚ್ಚು ದಣಿಸುತ್ತದೆ. ಗಾಳಿ ಏಳುವ ಮುನ್ನ ನಸುಕಿನಲ್ಲೇ ಹೊರಡಿ.

7. ಕಬ್ಬು ನುರಿಸುವ ದಿನಗಳಲ್ಲಿ ಕತ್ತಲಾದ ಮೇಲೆ ರಸ್ತೆಗೆ ಬರಬೇಡಿ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳಿಗೆ ಹಿಂದಿನ ದೀಪ ಇದ್ದರೆ ನಿಮ್ಮ ಪುಣ್ಯ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗೆ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿಗಳದೇ ದರ್ಬಾರು. ಸೈಕಲ್ ಕೈಯಲ್ಲಿ ಹಿಡಿದು ನಡೆಯುವುದೇ ಲೇಸು.

8. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ಪಾಕೀಟಿನ ಎನರ್ಜಿ ಬಾರುಗಳ ಮೇಲೆ ನನಗೆ ನಂಬಿಕೆಯಿಲ್ಲ. ಗರಸಿನ ಮೇಲೆ ರೊಟ್ಟಿ ಪುಡಿಯಾಗುವುದು ಖರೆ. ಮೊಸರು ಸಿಕ್ಕ ಊರಲ್ಲಿ ಅದರೊಳಗೆ ನೆನೆಸಿ ತಿನ್ನಿ.