ಒಂದೇ ವರ್ಷದ ತೆನೆ ನೋಡಿ ಬೀಜ ಕೊಳ್ಳಬೇಡಿ

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ರೈತಬಾಂಧವರಿಗೆ ಒಂದು ಮಾತು. ಪಕ್ಕದ ಹೊಲದಲ್ಲಿ ಹೋದ ವರ್ಷ ತೆನೆ ದಪ್ಪ ಬಂತೆಂದು ಅದೇ ಹೈಬ್ರಿಡ್ ಚೀಲಕ್ಕೆ ಮುಗಿಬೀಳಬೇಡಿ. ಈ ವರ್ಷವೂ ಅದೇ ಮಳೆ ಆದೀತೆಂಬ ಭರವಸೆ ಏನಿದೆ? ಒಂದು ತಳಿ ಎಕರೆಗೆ ಒಮ್ಮೆ 30 ಕ್ವಿಂಟಲ್, ಮರುವರ್ಷ 12 ಕೊಟ್ಟಿತೆನ್ನಿ. ಇನ್ನೊಂದು 22, ಆಮೇಲೆ 20. ಸರಾಸರಿ ಎರಡಕ್ಕೂ 21. ಆದರೆ 12 ಬಂದ ವರ್ಷ ಗೊಬ್ಬರದಂಗಡಿಯ ಬಾಕಿ ತೀರುವುದಿಲ್ಲ. ನಾನಾದರೆ ಎರಡನೆಯದನ್ನೇ ಬಿತ್ತುವೆ.

ವ್ಯತ್ಯಾಸ ಕಾಣುವುದು ಸೂಲಂಗಿ ಒಡೆಯುವ ಹೊತ್ತಿಗೆ. ಆಗ ಮಳೆ ಕೈಕೊಟ್ಟರೆ ಕೆಲವು ತಳಿಗಳಲ್ಲಿ ಪರಾಗ ಉದುರಿಹೋದ ಮೇಲೆ ತೆನೆಯ ರೇಷ್ಮೆ ಹೊರಬರುತ್ತದೆ. ಸಿಪ್ಪೆ ಸುಲಿದು ನೋಡಿ: ಕಾಳು ಅಲ್ಲೊಂದು ಇಲ್ಲೊಂದು, ತುದಿ ಬೋಳು. ಬರ ತಾಳುವ ತಳಿಯಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ.

ಬೀಜ ಕೊಳ್ಳುವ ಮುನ್ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕನಿಷ್ಠ ಮೂರು ವರ್ಷದ ಇಳುವರಿ ಕೇಳಿ, ಮಳೆ ಕಡಿಮೆಯಾದ ವರ್ಷದ್ದನ್ನಂತೂ ಬಿಡಬೇಡಿ. ಇಡೀ ಹೊಲಕ್ಕೆ ಒಂದೇ ತಳಿ ಬೇಡ. ಅವಧಿ ಬೇರೆಯಿರುವ ಎರಡನ್ನು ಬಿತ್ತಿ. ಹೈಬ್ರಿಡ್ ಬೆಳೆಯ ಕಾಳನ್ನೇ ಮತ್ತೆ ಬೀಜ ಮಾಡಿದರೆ ಇಳುವರಿ ಕುಸಿಯುತ್ತದೆ. ಬೀಜದ ಚೀಲ, ರಸೀದಿ ಎರಡನ್ನೂ ಕೊಯ್ಲು ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.