ಸುಳ್ಳು ಸಾಕ್ಷಿಗೆ ತಾಳ ಹಾಕುವ ಕಾಲು

ನ್ಯಾಯ ತಪ್ಪಿದ ಪ್ರಕರಣಗಳನ್ನು ಪುಸ್ತಕದಲ್ಲಿ ಓದುವಾಗ ನಮಗೊಂದು ಅನುಕೂಲವಿದೆ: ಕೊನೆ ಮೊದಲೇ ಗೊತ್ತಿರುತ್ತದೆ. ನಿರಪರಾಧಿ ಯಾರು, ಸುಳ್ಳಾಡಿದವರು ಯಾರು ಎಂಬುದು ಮುನ್ನುಡಿಯಲ್ಲೇ ತಿಳಿದುಬಿಡುತ್ತದೆ. ತಪ್ಪು ತೀರ್ಪು ಕೊಟ್ಟ ಜ್ಯೂರಿಗಳನ್ನು ದಡ್ಡರೆಂದೋ ದ್ವೇಷಿಗಳೆಂದೋ ಬದಿಗಿಟ್ಟು, ಆ ಜಾಗದಲ್ಲಿ ನಾವಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಅಮೆರಿಕದ ಸಂಗೀತ ನಾಟಕ ‘ಪರೇಡ್’ ನೋಡಿದ ಮೇಲೆ ನನಗೆ ಆ ಸಮಾಧಾನ ಉಳಿದಿಲ್ಲ. ನಾನು ಅದರಿಂದ ಕಲಿತದ್ದು ಇಷ್ಟು: ಅನ್ಯಾಯ ನಡೆಯಲು ದ್ವೇಷವೊಂದೇ ಸಾಲದು, ಚೆನ್ನಾಗಿ ಹೇಳಿದ ಕಥೆಯೊಂದು ಬೇಕು. ಅಂಥ ಕಥೆಗೆ ನಾನೂ ಮರುಳಾಗಬಲ್ಲೆ ಎಂಬುದನ್ನು ಹಾಡಿನಷ್ಟು ನಿಷ್ಠುರವಾಗಿ ತೋರಿಸುವ ಮಾಧ್ಯಮ ಇನ್ನೊಂದಿಲ್ಲ.

ನಾಟಕದ ಹಿಂದಿರುವುದು ನಡೆದ ಸಂಗತಿ. 1913ರ ಏಪ್ರಿಲ್ 26, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರ. ಅಂತರ್ಯುದ್ಧದಲ್ಲಿ ಮಡಿದ ದಕ್ಷಿಣದ ಸೈನಿಕರ ಸ್ಮರಣೆಗೆ ಬೀದಿಯಲ್ಲಿ ಮೆರವಣಿಗೆ. ಅದೇ ದಿನ ಹದಿಮೂರು ವರ್ಷದ ಮೇರಿ ಫೇಗನ್ ಎಂಬ ಹುಡುಗಿ ತನ್ನ ಬಾಕಿ ಕೂಲಿ, 1 ಡಾಲರ್ 20 ಸೆಂಟ್, ತರಲೆಂದು ಪೆನ್ಸಿಲ್ ಕಾರ್ಖಾನೆಗೆ ಹೋದಳು. ಅವಳ ಶವ ನೆಲಮಾಳಿಗೆಯಲ್ಲಿ ಸಿಕ್ಕಿತು. ಕೂಲಿ ಕೊಟ್ಟ ಮೇಲ್ವಿಚಾರಕ ಲಿಯೋ ಫ್ರಾಂಕ್ ಬ್ರೂಕ್ಲಿನ್‌ನಲ್ಲಿ ಬೆಳೆದ ಯೆಹೂದಿ, ಎಂಜಿನಿಯರಿಂಗ್ ಓದಿದವನು. ಆ ಊರಿನ ಕಣ್ಣಿಗೆ ಪರಕೀಯ. ಅವನ ವಿರುದ್ಧದ ಮುಖ್ಯ ಸಾಕ್ಷಿ ಕಾರ್ಖಾನೆಯ ಕಸಗುಡಿಸುವ ಜಿಮ್ ಕಾನ್ಲಿ. ಕಾನ್ಲಿ ಪೊಲೀಸರ ಮುಂದೆ ಹೇಳಿಕೆಯನ್ನು ಮತ್ತೆ ಮತ್ತೆ ಬದಲಿಸಿದ್ದ. ಆದರೂ ಫ್ರಾಂಕ್‌ಗೆ ಗಲ್ಲು ಶಿಕ್ಷೆಯಾಯಿತು. ಗವರ್ನರ್ ಜಾನ್ ಸ್ಲೇಟನ್ ಸಾವಿರಾರು ಪುಟಗಳ ದಾಖಲೆ ಓದಿ, ಕಾರ್ಖಾನೆಗೂ ಹೋಗಿ ನೋಡಿ, 1915ರ ಜೂನ್‌ನಲ್ಲಿ ಅದನ್ನು ಜೀವಾವಧಿಗೆ ಇಳಿಸಿದರು. ಎರಡೇ ತಿಂಗಳಲ್ಲಿ ಗುಂಪೊಂದು ಫ್ರಾಂಕ್‌ನನ್ನು ಜೈಲಿನಿಂದ ಹೊತ್ತೊಯ್ದು ಮರಿಯೆಟ್ಟಾದ ಬಳಿ ಮರಕ್ಕೆ ನೇಣು ಹಾಕಿತು. ಆ ಕೊಲೆಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಇದನ್ನು ಹಾಡಿ ಕುಣಿದು ತೋರಿಸುವುದೇ ಎಂಬ ಆಕ್ಷೇಪ ಸಹಜ. ಸಾವಿಗೆ ವಾದ್ಯಮೇಳ ಕಟ್ಟಿದರೆ ಅದು ರಂಜನೆಯಾಗುವುದಿಲ್ಲವೇ? ಉತ್ತರ ನ್ಯಾಯಾಲಯದ ದೃಶ್ಯದಲ್ಲೇ ಇದೆ. ಕಾರ್ಖಾನೆಯ ಮೂವರು ಹುಡುಗಿಯರು ಸಾಕ್ಷಿ ಹೇಳಲು ಬರುತ್ತಾರೆ. ಫ್ರಾಂಕ್ ತಮ್ಮನ್ನು ಕೋಣೆಗೆ ಕರೆಯುತ್ತಿದ್ದನೆಂದು ಮೂವರೂ ಹಾಡುತ್ತಾರೆ, ಒಬ್ಬಳು ಹೇಳಿದ್ದನ್ನೇ ಇನ್ನೊಬ್ಬಳು, ಗಿಳಿಪಾಠದ ಹಾಗೆ. ಅದು ಗಿಳಿಪಾಠವೆಂದು ನಮ್ಮ ಕಿವಿಗೆ ತಿಳಿಯುತ್ತಿರುವಾಗಲೇ, ಅಲ್ಲಿಯವರೆಗೆ ಮುದುಡಿ ಕೂತಿದ್ದ ಫ್ರಾಂಕ್ ಎದ್ದು ಬಂದು, ಸಾಕ್ಷಿಗಳು ಬಣ್ಣಿಸಿದ ಆ ಲಂಪಟನೇ ಆಗಿ ಕುಣಿಯತೊಡಗುತ್ತಾನೆ. ರಾಗ ಚುರುಕಾಗಿದೆ, ನಟ ಸೊಗಸಾಗಿ ಹಾಡುತ್ತಾನೆ. ಇಡೀ ಮೊದಲ ಅಂಕದಲ್ಲಿ ಈ ಮನುಷ್ಯ ಇಷ್ಟು ಜೀವಂತವಾಗಿ ಕಾಣುವುದು ಸುಳ್ಳಿನೊಳಗೆ ಮಾತ್ರ. ಕಾನ್ಲಿಯ ಸರದಿ ಬಂದಾಗಲೂ ಅಷ್ಟೇ: ಅವನ ಹಾಡು ಹೊತ್ತಿಕೊಂಡ ಹಾಗೆ ಏರುತ್ತ ಹೋಗುತ್ತದೆ, ಜನ ದನಿಗೂಡಿಸುತ್ತಾರೆ. ಆಮೇಲೆ ನಿಜವಾದ ಫ್ರಾಂಕ್ ಕಟಕಟೆಯಲ್ಲಿ ನಿಂತು ಮೆಲ್ಲಗೆ, ತಡವರಿಸುತ್ತ, ತನ್ನ ಮನಸ್ಸನ್ನು ಹೇಳಿಕೊಳ್ಳಲು ತನಗೆ ಬರುವುದಿಲ್ಲ ಎನ್ನುತ್ತಾನೆ. ಚಪ್ಪಾಳೆಯ ಅಬ್ಬರ ಯಾವುದಕ್ಕೆ ಹೆಚ್ಚು ಸಿಗುತ್ತದೆಂದು ಹೇಳಬೇಕಿಲ್ಲ. ಕಂಪನಿ ನಾಟಕಗಳಲ್ಲಿ ಒನ್ಸ್ ಮೋರ್ ಕೂಗಿಸಿಕೊಂಡ ಪದಗಳ ಬಗ್ಗೆ ಕೇಳಿ ಬೆಳೆದವರಿಗೆ ಈ ಸೆಳೆತ ಹೊಸದಲ್ಲ. ಇಲ್ಲಿ ಒನ್ಸ್ ಮೋರ್ ಕೂಗಬೇಕೆನಿಸುವುದು ಒಬ್ಬನನ್ನು ನೇಣಿಗೇರಿಸುವ ಹಾಡಿಗೆ. ಸತ್ಯಕ್ಕೆ ರಾಗವಿಲ್ಲ, ಸುಳ್ಳಿಗೆ ಇದೆ. ಆ ಜ್ಯೂರಿಗಳ ಎದುರು ನಡೆದದ್ದೂ ಇದೇ. ಫ್ರಾಂಕ್ ನಿಜವಾಗಿ ಸುಮಾರು ನಾಲ್ಕು ಗಂಟೆ ಕಾಲ ಲೆಕ್ಕಪತ್ರಗಳ ವಿವರ ಹೇಳಿದ. ಅವರ ಮನಸ್ಸಿನಲ್ಲಿ ನಿಂತದ್ದು ಕಾನ್ಲಿಯ ಕಥೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಗಿನ ದಕ್ಷಿಣದಲ್ಲಿ ಸುಳ್ಳು ಆರೋಪಕ್ಕೆ, ಗುಂಪಿನ ನೇಣಿಗೆ ಬಲಿಯಾದವರಲ್ಲಿ ಬಹುಪಾಲು ಕಪ್ಪು ಜನ. ಹೀಗಿರುವಾಗ ಬಿಳಿಯನೊಬ್ಬನ ಸಂಕಟದ ನಾಟಕದಲ್ಲಿ ಕಪ್ಪು ಮನುಷ್ಯನಾದ ಕಾನ್ಲಿಯೇ ಖಳನಾಗುವುದು ಸರಿಯೇ? ಕಥೆ ಬರೆದ ಆಲ್ಫ್ರೆಡ್ ಯೂರಿ, ಹಾಡು ಕಟ್ಟಿದ ಜೇಸನ್ ರಾಬರ್ಟ್ ಬ್ರೌನ್ ಇಬ್ಬರಿಗೂ ಈ ಪ್ರಶ್ನೆಯ ಅರಿವಿತ್ತೆಂದು ಎರಡನೆಯ ಅಂಕದ ಆರಂಭದ ಒಂದು ಹಾಡು ಹೇಳುತ್ತದೆ. ಸತ್ತವಳು ಕಪ್ಪು ಹುಡುಗಿಯಾಗಿದ್ದರೆ ಉತ್ತರದಿಂದ ಇಷ್ಟು ಜನ ಬರುತ್ತಿದ್ದರೇ ಎಂದು ಇಬ್ಬರು ಕಪ್ಪು ಆಳುಗಳು ಅಲ್ಲಿ ಕೇಳುತ್ತಾರೆ. ಆದರೆ ಪ್ರಶ್ನೆ ಒಂದು ಹಾಡಿನಲ್ಲಿ ಬಂದು ಹೋಗುತ್ತದೆ. ಮುಂದಿನ ಕಥೆ ಅದನ್ನು ಹೊರುವುದಿಲ್ಲ. ಅದೇ ರೀತಿ ಗವರ್ನರರ ಮರುತನಿಖೆಯಲ್ಲಿ ಫ್ರಾಂಕ್‌ನ ಹೆಂಡತಿ ಲೂಸಿಲ್‌ಳನ್ನು ಜೊತೆಗಾರ್ತಿಯಾಗಿ ಮಾಡಿದ್ದು ರಂಗಕ್ಕೆ ಒಪ್ಪಿದರೂ ಇತಿಹಾಸಕ್ಕೆ ಒಪ್ಪುವುದಿಲ್ಲ. ಇಲ್ಲಿ ಮಾತ್ರ ನಾಟಕವೂ ಚೆಂದದ ಕಥೆಯ ಆಸೆಗೆ ಬಿದ್ದಿದೆ. ನೋಡಿ ಬಂದವರು ದಾಖಲೆಯನ್ನೂ ಓದಬೇಕು ಎನ್ನುವುದು ಅದಕ್ಕೇ.

ಹಳೆಯ ಗಾಯ ಕೆದಕುವುದೇಕೆ ಎನ್ನುವವರೂ ಇದ್ದಾರೆ. ಗಾಯ ಹಳೆಯದಾಗಿಲ್ಲ. ಫ್ರಾಂಕ್‌ನ ಕಚೇರಿಯ ಹುಡುಗನಾಗಿದ್ದ ಅಲೊಂಜೊ ಮನ್, ಕಾನ್ಲಿ ಶವ ಹೊತ್ತಿದ್ದನ್ನು ಕಂಡಿದ್ದೆನೆಂದು ಬಾಯಿಬಿಟ್ಟದ್ದು 1982ರಲ್ಲಿ. 1986ರಲ್ಲಿ ಜಾರ್ಜಿಯಾ ಕ್ಷಮಾದಾನ ಕೊಟ್ಟಿತು. ಫ್ರಾಂಕ್‌ನನ್ನು ರಾಜ್ಯ ಕಾಪಾಡಲಿಲ್ಲವೆಂದು ಒಪ್ಪಿಕೊಂಡಿತೇ ಹೊರತು ನಿರಪರಾಧಿ ಎನ್ನಲಿಲ್ಲ. 1998ರಲ್ಲಿ ಬ್ರಾಡ್‌ವೇಗೆ ಬಂದ ನಾಟಕ 84 ಪ್ರದರ್ಶನಗಳಿಗೇ ನಿಂತಿತ್ತು. 2023ರಲ್ಲಿ ಮರಳಿ ಬಂದಾಗ, ಮೊದಲ ಪೂರ್ವಪ್ರದರ್ಶನದ ದಿನವೇ ನವನಾಜಿಗಳು ರಂಗಮಂದಿರದ ಹೊರಗೆ ನಿಂತು ಫ್ರಾಂಕ್‌ನನ್ನು ಶಿಶುಕಾಮಿಯೆಂದು ಕೂಗಿದರು.

ಆ 2023ರ ಪ್ರಯೋಗದ ಒಂದು ಅಂಶ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಿಜವಾದ ತೀರ್ಪನ್ನು ಓದಿದಾಗ ಫ್ರಾಂಕ್ ನ್ಯಾಯಾಲಯದಲ್ಲಿರಲಿಲ್ಲ. ಬಿಡುಗಡೆಯಾದರೆ ಗುಂಪು ಕೊಂದುಬಿಟ್ಟೀತೆಂಬ ಭಯದಿಂದ ಅವನನ್ನು ದೂರವೇ ಇರಿಸಿದ್ದರು. ರಂಗದ ಮೇಲೆ ತೀರ್ಪಿನ ಸಂಭ್ರಮ ಮುಗಿದು ಮಧ್ಯಂತರವಾಗುತ್ತದೆ, ದೀಪಗಳು ಹತ್ತುತ್ತವೆ, ಜನ ಎದ್ದು ಮಾತಾಡುತ್ತ ಹೊರಗೆ ಹೊರಡುತ್ತಾರೆ. ಫ್ರಾಂಕ್ ಪಾತ್ರಧಾರಿ ಒಳಗೆ ಹೋಗುವುದಿಲ್ಲ. ನಾವು ಮರಳಿ ಬಂದು ಕೂರುವವರೆಗೂ ಅಲ್ಲೇ, ನಮ್ಮ ಕಣ್ಣೆದುರಿಗೇ ಕೂತಿರುತ್ತಾನೆ.