ಪವರ್ ಪಾಯಿಂಟ್ ನೋಡಿ ಮನೆ ಹಿಡಿಯಿರಿ: ಹಾರೋಹಳ್ಳಿಯ ಅಡುಗೆಮನೆಗಳಿಗೆ ಏಳು ಸೂತ್ರ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುತ್ತ, ಬಾಡಿಗೆ ರೂಮಿನಲ್ಲಿ ಇಂಡಕ್ಷನ್ ಸ್ಟೌ ಇಟ್ಟುಕೊಂಡವರು ಇದನ್ನು ತಪ್ಪದೆ ಓದಬೇಕು.

1. ವ್ಯಾಟ್ ನೋಡಿ ಪ್ಲಗ್ ಹಾಕಿ. ಫ್ಯಾನು, ಚಾರ್ಜರ್ ಹಾಕುವ ಸಣ್ಣ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್‌ನಲ್ಲಿ ಅದು ತಾಳುವುದು 1,380 ವ್ಯಾಟ್ ಅಷ್ಟೇ. ಇಂಡಕ್ಷನ್ ಸ್ಟೌ 2,000 ವ್ಯಾಟ್‌ವರೆಗೂ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್‌ನ ದಪ್ಪ ಪಿನ್ನಿನ ಸಾಕೆಟ್ಟೇ ಬೇಕು. ಕನ್ವರ್ಟರ್ ಪ್ಲಗ್ ಸಿಕ್ಕಿಸಿದರೆ ಪಿನ್ನು ಹೊಂದೀತು, ಗೋಡೆಯೊಳಗಿನ ವೈರು ದಪ್ಪವಾಗದು. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು! ಅಡ್ವಾನ್ಸ್ ಕೊಡುವ ಮುಂಚೆಯೇ ಅಡುಗೆ ಕಟ್ಟೆಯ ಬಳಿ ಇಂಥ ದಪ್ಪ ಪಿನ್ನಿನ ಪವರ್ ಪಾಯಿಂಟ್ ಇದೆಯೇ ಎಂದು ಮನೆ ಮಾಲೀಕರನ್ನು ಕೇಳಿ.

2. ಜಂಕ್ಷನ್ ಬಾಕ್ಸು ಮೊಬೈಲಿಗಿರಲಿ. ಅದಕ್ಕೆ ಕೆಟಲ್, ರೈಸ್ ಕುಕ್ಕರ್ ಸಿಕ್ಕಿಸುವುದು ಬೇಡ.

3. ಅಡುಗೆ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯೇ? ಸಾಕೆಟ್ ಕಂದುಗಟ್ಟಿದೆಯೇ? ಒಳಗೆ ಸಂಪರ್ಕ ಸಡಿಲವಾಗಿರಬಹುದು. ಎಂಸಿಬಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಎಂಸಿಬಿ ಬೀಳುವುದು ಕರೆಂಟು ಮಿತಿ ಮೀರಿದಾಗ; ಸಡಿಲ ಪಿನ್ನಿನಲ್ಲಿ ಕರೆಂಟು ಹೆಚ್ಚುವುದಿಲ್ಲ, ಬಿಸಿ ಮಾತ್ರ ಒಂದೇ ಕಡೆ ಕೂಡುತ್ತ ಹೋಗುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಸಾಕೆಟ್ ಬದಲಾಯಿಸಿಕೊಳ್ಳಿ. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡದನ್ನು ಹಾಕಿಸುವುದಂತೂ ಬೇಡವೇ ಬೇಡ.

4. ರಾತ್ರಿ ಪಾಳಿ ಮುಗಿಸಿ ಬಂದು, ಮುದ್ದೆಗೆ ಎಸರಿಟ್ಟು ಹಾಸಿಗೆಗೆ ಒರಗಬೇಡಿ. ದಣಿದ ಕಣ್ಣು ಎರಡು ನಿಮಿಷದಲ್ಲಿ ಮುಚ್ಚುತ್ತದೆ. ಅಂಥ ದಿನ ತಂಗಳೇ ಸಾಕು.

5. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ನೀರು ಎಣ್ಣೆಯ ತಳಕ್ಕಿಳಿದು ತಟ್ಟನೆ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ. ಬಾಣಲೆ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ವಿದ್ಯುತ್ ಉಪಕರಣ ಉರಿದರೆ ಮೊದಲು ಮೇನ್ ಆರಿಸಿ. ಅಲ್ಲಿಗೂ ನೀರು ಸಲ್ಲದು.

6. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆದು ಹೊರಗೆ ಬನ್ನಿ. ಸಿಲಿಂಡರಿನಿಂದ ಒಲೆಗೆ ಹೋಗುವ ಸುರಕ್ಷಾ ಟ್ಯೂಬನ್ನು 5 ವರ್ಷದೊಳಗೆ ಬದಲಿಸಿ.

7. ಬಾಗಿಲ ಹಿಂದೆ ಬರೆದಂಟಿಸಿ: ಗ್ಯಾಸ್ ಸೋರಿಕೆಗೆ 1906, ಅಗ್ನಿಶಾಮಕಕ್ಕೆ 101, ಯಾವ ತುರ್ತಿಗೂ 112. ಪಕ್ಕದಲ್ಲೇ ನಿಮ್ಮ ರಸ್ತೆಯ ಹೆಸರು, ಗುರುತಿನ ಅಂಗಡಿ ಅಥವಾ ಗುಡಿಯನ್ನೂ ಬರೆಯಿರಿ. ಹೊರ ಊರಿಂದ ಹೊಸದಾಗಿ ಬಂದ ರೂಮ್‌ಮೇಟ್ ಕೂಡ ಗಾಬರಿಯಲ್ಲಿ ಓದಿ ಹೇಳುವಂತಿರಲಿ.